ನೂರು ಮನಿ ಆಟ ಇರಲಿ, ರೊಕ್ಕ ಬ್ಯಾಡ

ಮುಂದಿನ ತಿಂಗಳು ನಮ್ಮ ಕಾಲೇಜಿನ ಇಂಟರ್ ಬ್ರಾಂಚ್ ಬಾಸ್ಕೆಟ್‌ಬಾಲ್ ಟೂರ್ನಿ. ಕೋರ್ಟಿಗೆ ಇನ್ನೂ ಲೈನ್ ಹೊಡೆದಿಲ್ಲ, ಎರಡೂ ರಿಂಗಿಗೆ ನೆಟ್ ಇಲ್ಲ. ಆದ್ರೆ ಕ್ಯಾಂಟೀನಿನಲ್ಲಿ ನಮ್ಮನ್ನು ನಿಲ್ಲಿಸಿ ಕೇಳೋರು ಆಗಲೇ ಶುರುವಾಗಿದ್ದಾರೆ: "ಈ ಸಲಾನೂ ಚಾರ್ಟ್ ಹಾಕ್ತೀರಿಲ್ಲೋ? ನನಗೊಂದ್ ಹತ್ತು ಮನಿ ಹಿಡಿದಿಡ್ರಿ."

ನಾವು ಅಂದ್ರೆ ನಾಲ್ಕು ಜನ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಊರಿಗೊಬ್ಬರು. ಹೋದ ವರ್ಷ ಫಸ್ಟ್ ಇಯರ್‌ನಲ್ಲಿದ್ದಾಗ ಆ ಚಾರ್ಟ್ ಹಾಕಿದವರು ನಾವೇ. ಕೇಳಿದವರಿಗೆಲ್ಲ ನಿಂತ ಜಾಗದಲ್ಲೇ ಉತ್ತರ ಕೊಡೋಕೆ ಆಗ್ತಿಲ್ಲ, ಯಾಕಂದ್ರೆ ಉತ್ತರ ಸ್ವಲ್ಪ ಉದ್ದ ಇದೆ. ಅದಕ್ಕೇ ಇಲ್ಲಿ ಬರೀತಿದ್ದೀವಿ. ನಾಲ್ವರೂ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೆದಿದ್ದು ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲೇ ಕೊನೆ. ತಪ್ಪಿದ್ರೆ ಸಂಪಾದಕರು ತಿದ್ದಲಿ.

ನಮ್ಮ ಉತ್ತರ ಇಷ್ಟು: ಚಾರ್ಟ್ ಹಾಕ್ತೀವಿ. ಆದ್ರೆ ಈ ಸಲ ಅದರಲ್ಲಿ ಒಂದು ರೂಪಾಯಿಯೂ ಇರೋದಿಲ್ಲ. ಇರಬಾರದು ಅನ್ನೋದೇ ನಮ್ಮ ವಾದ.

ಆಟ ಗೊತ್ತಿಲ್ಲದ ಜೂನಿಯರ್‌ಗಳಿಗೆ ಮೊದಲು ಆಟ ಹೇಳಬೇಕು. ಒಂದು ಡ್ರಾಯಿಂಗ್ ಶೀಟ್ ಮೇಲೆ ಅಡ್ಡ ಹತ್ತು, ಉದ್ದ ಹತ್ತು ಮನೆ. ಒಟ್ಟು ನೂರು. ಚೌಕಾಬಾರದಲ್ಲಿ ಮನೆ ಅಂತೀವಲ್ಲ, ಅದೇ ಮನೆ. ನಮ್ಮ ಕಡೆ ಬಾಯಲ್ಲಿ ಮನಿ. (ಇಂಗ್ಲಿಷಿನ ಮನಿ ಅಲ್ಲ ಅಂತ ಹೋದ ವರ್ಷ ನಾವೇ ಜೋಕ್ ಮಾಡಿದ್ವಿ. ಆಮೇಲೆ ಆ ಜೋಕಿಗೆ ನಮಗೇ ನಗು ಬರಲಿಲ್ಲ.) ಬೇಕಾದ ಮನೆಯಲ್ಲಿ ನಿಮ್ಮ ಹೆಸರು ಬರೆಸ್ತೀರಿ. ನೂರೂ ತುಂಬಿದ ಮೇಲೆ ಚೀಟಿ ಎತ್ತಿ ಮೇಲಿನ ಸಾಲಿಗೆ 0ಯಿಂದ 9, ಎಡಗಡೆ ಸಾಲಿಗೆ 0ಯಿಂದ 9 ಅಂಕಿ ಹಾಕ್ತೀವಿ. ಮೇಲಿನದು ಒಂದು ತಂಡ, ಎಡಗಡೆದು ಇನ್ನೊಂದು. ಕ್ವಾರ್ಟರ್ ಮುಗಿದಾಗ ಸ್ಕೋರ್ 17-12 ಆಗಿದ್ರೆ ಕೊನೆಯ ಅಂಕಿಗಳು 7 ಮತ್ತು 2. ಆ ಎರಡೂ ಸೇರುವ ಮನೆ ಯಾರದೋ ಅವರು ಗೆದ್ದರು. ಬಾಸ್ಕೆಟ್‌ಬಾಲ್ ಗೊತ್ತಿರಬೇಕಿಲ್ಲ, ಯಾವ ತಂಡ ಬಲವಾದದ್ದು ಅಂತ ತಿಳಿದಿರಬೇಕಿಲ್ಲ. ಶುದ್ಧ ಅದೃಷ್ಟ.

ಇದು ನಮ್ಮ ಆವಿಷ್ಕಾರ ಅಲ್ಲ. ಅಮೆರಿಕದಲ್ಲಿ ಪ್ರತಿ ವರ್ಷ ಮಾರ್ಚಿನಲ್ಲಿ ಕಾಲೇಜು ಬಾಸ್ಕೆಟ್‌ಬಾಲಿನ ಎನ್‌ಸಿಎಎ ಟೂರ್ನಿ ನಡೆಯುತ್ತೆ. 64 ತಂಡದಿಂದ ಒಂದಕ್ಕೆ ಇಳಿಯೋಕೆ 63 ಮ್ಯಾಚ್. ಅಷ್ಟಕ್ಕೂ ಒಂದೇ ಚಾರ್ಟ್ ಇಟ್ಟು ಆಫೀಸಿನವರು, ಹಾಸ್ಟೆಲಿನವರು ಆಡ್ತಾರೆ. ನಮ್ಮಲ್ಲೊಬ್ಬನ ಚಿಕ್ಕಪ್ಪನ ಮಗಳು ಅಲ್ಲಿ ಕೆಲಸಕ್ಕಿದ್ದಾಳೆ. ಅವಳು ಫ್ಯಾಮಿಲಿ ಗ್ರೂಪಿಗೆ ಕಳಿಸಿದ ಫೋಟೋದ ಹಿಂದಿನ ಗೋಡೆ ಮೇಲೆ ಈ ಚಾರ್ಟ್ ಇತ್ತು. ಅಕ್ಕನಿಗೆ ಫೋನ್ ಹಚ್ಚಿ ನಿಯಮ ಕೇಳ್ಕೊಂಡ್ವಿ.

ಯಾಕೆ ಬೇಕಾಯ್ತು ಅಂದ್ರೆ, ನಮ್ಮ ಕೋರ್ಟಿನ ಸುತ್ತ ಯಾರೂ ಇರ್ತಿರಲಿಲ್ಲ. ನಮ್ಮ ಕಡೆ ಕಬಡ್ಡಿ ಅಂದ್ರೆ ಊರಿಗೆ ಊರೇ ಬರುತ್ತೆ. ವಾಲಿಬಾಲ್ ಪ್ರತಿ ಹೈಸ್ಕೂಲಲ್ಲೂ ಇದೆ. ಕ್ರಿಕೆಟ್ ಬಗ್ಗೆ ಹೇಳೋದೇ ಬೇಡ. ಬಾಸ್ಕೆಟ್‌ಬಾಲಿಗೆ ಮಾತ್ರ ಆಡೋ ಐದೈದು ಜನ, ರೆಫರಿ, ಪಿ.ಡಿ. ಸರ್, ಸ್ಕೋರ್ ಬರೆಯೋನು, ನೀರಿನ ಕ್ಯಾನ್ ಕಾಯೋನು. ಅಷ್ಟೇ.

ಹೋದ ವರ್ಷ ಹುಡುಗರದು ನಾಲ್ಕು ತಂಡ, ಹುಡುಗಿಯರದು ಎರಡು. ಒಟ್ಟು ನಾಲ್ಕು ಮ್ಯಾಚ್, ನಾಲ್ಕು ಚಾರ್ಟ್. ಒಂದು ಮನಿಗೆ ಹತ್ತು ರೂಪಾಯಿ. ಚಾರ್ಟ್ ತುಂಬಿದ್ರೆ ಸಾವಿರ. ಮೊದಲ ಮೂರು ಕ್ವಾರ್ಟರಿಗೆ ಇನ್ನೂರಿನ್ನೂರು, ಮ್ಯಾಚ್ ಮುಗಿದಾಗ ನಾನೂರು. ನಮ್ಮ ಕೈಗೆ ಸೊನ್ನೆ. ಒಂದು ರೂಪಾಯಿ ಇಟ್ಕೊಳ್ಳಲಿಲ್ಲ ಅನ್ನೋದು ನಮಗೆ ದೊಡ್ಡ ಹೆಮ್ಮೆ ಆಗಿತ್ತು.

ಜನ ಬಂದ್ರು, ಅದು ಸುಳ್ಳಲ್ಲ. ಮೊದಲ ಸೆಮಿಫೈನಲ್‌ಗೆ ಮೂವತ್ತು ನಲವತ್ತು, ಫೈನಲ್‌ಗೆ ಕೋರ್ಟಿನ ನಾಲ್ಕೂ ಕಡೆ ನಿಲ್ಲೋಕೆ ಜಾಗ ಇಲ್ಲ. ಟ್ರಾವೆಲಿಂಗ್ ಅಂದ್ರೇನು, ಮೂರು ಪಾಯಿಂಟ್ ಯಾವಾಗ ಅಂತ ಗೊತ್ತಿಲ್ಲದವರೂ ಎರಡು ದಿನದಲ್ಲಿ ಕಲಿತರು. ನಮ್ಮ ನಾಲ್ವರ ಕಾಲು ನೆಲದ ಮೇಲಿರಲಿಲ್ಲ.

ಫೈನಲ್‌ನಲ್ಲಿ ಏನಾಯ್ತು ಅಂತ ಇದ್ದವರಿಗೆ ಗೊತ್ತು. ಇಲ್ಲದವರು ಕೇಳಿದ್ದು ಮಾತ್ರ ಬೇರೆ ಕಥೆ. ಹಾಗಾಗಿ ನಡೆದದ್ದನ್ನು ನಡೆದಂತೆ ಬರೀತೀವಿ. ಆಟಗಾರನ ಹೆಸರು ಬರೆಯೋದಿಲ್ಲ. ಈ ಲೇಖನವನ್ನು ಮೊದಲು ಅವನಿಗೇ ಓದೋಕೆ ಕೊಟ್ಟು, ಅವನು "ಹಾಕ್ರಿ" ಅಂದ ಮೇಲೆ ಕಳಿಸಿದ್ದೀವಿ.

ಎರಡು ಸೆಕೆಂಡ್ ಉಳಿದಿತ್ತು. ಸ್ಕೋರ್ 41-40. ಹಿಂದಿದ್ದ ತಂಡದ ಹುಡುಗನಿಗೆ ಫೌಲ್ ಆಗಿ ಎರಡು ಫ್ರೀ ಥ್ರೋ ಸಿಕ್ತು. ಒಂದು ಹೋದ್ರೆ ಸಮ, ಎರಡೂ ಹೋದ್ರೆ ಕಪ್. ಅವನು ಲೈನಿಗೆ ಬಂದು ನಿಂತಾಗ ಗುಂಪಿನಿಂದ ಒಬ್ಬ ಕೂಗಿದ: "ಹಾಕಬ್ಯಾಡಲೇ, ನನ್ನ ಮನಿ ಹೋಗತೈತಿ!" ಎಲ್ಲರೂ ನಕ್ಕರು. ನಾವೂ ನಕ್ಕೆವು. ಮೊದಲನೆಯದು ರಿಂಗಿಗೆ ಬಡಿದು ಹೊರಗೆ ಬಂತು. ಎರಡನೆಯದು ಬೋರ್ಡಿಗೆ ಬಡಿದು ಹೊರಗೆ. ವಿಷಲ್. ಮ್ಯಾಚ್ ಮುಗೀತು.

ಚಾರ್ಟ್ ಹತ್ರ ಓಡಿ ನೋಡಿದ್ವಿ. 1 ಮತ್ತು 0 ಸೇರುವ ಮನಿ ಅದೇ ಹುಡುಗನ ರೂಮ್‌ಮೇಟ್‌ದು.

ಆಮೇಲೆ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ರಾತ್ರಿ ಮೆಸ್ಸಿನಲ್ಲಿ ಕೂರೋ ಹೊತ್ತಿಗೆ ಮಾತು ಪೂರ್ತಿ ತಯಾರಾಗಿತ್ತು: ನಾನೂರು ರೂಪಾಯಿಗೆ ಮ್ಯಾಚ್ ಮಾರ್ಕೊಂಡ. ಅವನ ತಂಡದವರೇ ಒಂದು ವಾರ ಅವನ ಜೊತೆ ಮಾತಾಡಲಿಲ್ಲ. ಅವನಿಗೆ ಒಂದು ಅಡ್ಡಹೆಸರು ಬಿತ್ತು, "ನಾನೂರು". ರೂಮ್‌ಮೇಟ್ ಮರುದಿನ ಬಂದು ಆ ದುಡ್ಡನ್ನು ನಮ್ಮ ಟೇಬಲ್ ಮೇಲಿಟ್ಟು ಒಂದು ಮಾತೂ ಆಡದೆ ಹೋದ. ಆ ಹುಡುಗ ಅಲ್ಲಿಂದ ಇವತ್ತಿನವರೆಗೆ ಕೋರ್ಟಿಗೆ ಇಳಿದಿಲ್ಲ.

ಮೂರನೇ ಸೆಮಿಸ್ಟರಿನಲ್ಲಿ ಪ್ರಾಬಬಿಲಿಟಿ ಬಂತು. ಇಂಟರ್ನಲ್ಸ್‌ಗೆ ಓದ್ತಾ ಕೂತಾಗ ನಮಗೆ ಮೊದಲು ನೆನಪಾಗಿದ್ದು ಆ ಎರಡು ಫ್ರೀ ಥ್ರೋ. ಸ್ಕೋರ್ ಶೀಟ್ ಹುಡುಕಿ ತೆಗೆದ್ವಿ. ಆ ಎರಡಕ್ಕೂ ಮುಂಚೆ ಸೆಮಿಫೈನಲ್, ಫೈನಲ್ ಸೇರಿ ಅವನು ಹನ್ನೊಂದು ಫ್ರೀ ಥ್ರೋ ಎಸೆದಿದ್ದ, ಮೂರು ಹೋಗಿದ್ದವು. ಅಂದ್ರೆ ಒಂದು ತಪ್ಪುವ ಸಾಧ್ಯತೆ ಹನ್ನೊಂದಕ್ಕೆ ಎಂಟು. ಎರಡೂ ತಪ್ಪುವ ಸಾಧ್ಯತೆ 121ಕ್ಕೆ 64, ಸುಮಾರು ನೂರಕ್ಕೆ 53. ಹನ್ನೊಂದು ಎಸೆತ ಸಣ್ಣ ಸ್ಯಾಂಪಲ್, ಒಪ್ತೀವಿ. ಆದ್ರೆ ಲೆಕ್ಕ ಹೇಳೋದು ಇಷ್ಟು: ಅವನು ಎರಡೂ ಹಾಕಿದ್ರೆ ಆಶ್ಚರ್ಯ ಪಡಬೇಕಿತ್ತು, ತಪ್ಪಿದ್ದಕ್ಕಲ್ಲ.

"ಸರಿ, ಆದ್ರೆ ಸರಿಯಾಗಿ ರೂಮ್‌ಮೇಟ್ ಮನಿಗೇ ಹೆಂಗ್ ಬಿತ್ತು?" ಇದು ಎಲ್ಲರೂ ಕೇಳೋ ಪ್ರಶ್ನೆ. ರೂಮ್‌ಮೇಟ್ ತೊಗೊಂಡಿದ್ದು ಒಂದಲ್ಲ, ಹನ್ನೆರಡು ಮನಿ. ಅಲ್ಲಿಗೇ ನೂರಕ್ಕೆ ಹನ್ನೆರಡು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಮ್ಮದು ಸಣ್ಣ ಕಾಲೇಜು. ಕೋರ್ಟಿನಲ್ಲಿದ್ದ ಹತ್ತು ಜನರಿಗೂ ರೂಮ್‌ಮೇಟ್ ಇದ್ದಾರೆ, ಬೆಂಚ್‌ಮೇಟ್ ಇದ್ದಾರೆ, ಊರಿನವರಿದ್ದಾರೆ, ಒಂದೇ ಬಸ್ಸಿನಲ್ಲಿ ಬರೋರಿದ್ದಾರೆ. ಚಾರ್ಟಿನ ನೂರು ಮನಿಯಲ್ಲಿ ಯಾವುದು ಗೆದ್ದಿದ್ರೂ ಅದರ ಒಡೆಯ ಆ ಹತ್ತರಲ್ಲಿ ಒಬ್ಬನಿಗೆ ಏನೋ ಒಂದು ಆಗಿಯೇ ಆಗ್ತಿದ್ದ. ಅಂದ್ರೆ ಯಾರ ಮೇಲಾದ್ರೂ ಅನುಮಾನ ಬರೋದು ಮೊದಲೇ ನಿಶ್ಚಯ ಆಗಿತ್ತು. ಯಾರ ಮೇಲೆ ಅನ್ನೋದಷ್ಟೇ ಚೀಟಿ ಎತ್ತಿದ ಹಾಗೆ. ಹಾಗಾದ್ರೆ ಆ ಹುಡುಗನಿಗೆ ಹೆಸರು ಕೆಟ್ಟಿದ್ದು ಅವನು ಮಾಡಿದ್ದರಿಂದಲ್ಲ, ನಾವು ಹಾಕಿದ ಚಾರ್ಟಿನಿಂದ. ಇದನ್ನು ಒಪ್ಪೋಕೆ ನಮಗೆ ಎಂಟು ತಿಂಗಳು ಬೇಕಾಯ್ತು.

ಇದು ನಮ್ಮ ಕಾಲೇಜಿನ ಕಥೆ ಅಷ್ಟೇ ಅಲ್ಲ. ನ್ಯೂಯಾರ್ಕಿನ ಸಿಟಿ ಕಾಲೇಜ್ ತಂಡ 1950ರಲ್ಲಿ ಅಲ್ಲಿನ ಎರಡೂ ದೊಡ್ಡ ಟೂರ್ನಿ, ಎನ್‌ಸಿಎಎ ಮತ್ತು ಎನ್‌ಐಟಿ, ಒಂದೇ ವರ್ಷ ಗೆದ್ದಿತ್ತು. 1951ರಲ್ಲಿ ಅದೇ ತಂಡದ ಆಟಗಾರರು ಬಂಧನ ಆದರು. ಸೋಲೋಕಲ್ಲ, ಗೆಲುವಿನ ಅಂತರ ಕಡಿಮೆ ಮಾಡೋಕೆ ಜೂಜುಕೋರರಿಂದ ದುಡ್ಡು ತೊಗೊಂಡಿದ್ರು. ಆಟದ ಫಲಿತಾಂಶ ಬಿಟ್ಟು ಅಂಕಿಯ ಮೇಲೆ ದುಡ್ಡು ಕೂತ ತಕ್ಷಣ ಅಂಕಿಯನ್ನು ಕೊಳ್ಳೋರು ಬರ್ತಾರೆ. ನಮ್ಮ ರಾಜ್ಯದಲ್ಲೇ 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಫಿಕ್ಸಿಂಗ್ ಪ್ರಕರಣದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನು ಹಿಡಿದರು. 2022ರ ಜನವರಿಯಲ್ಲಿ ಹೈಕೋರ್ಟ್, ಇದು ಐಪಿಸಿಯ ವಂಚನೆ ಕಲಮಿಗೆ ಬರೋದಿಲ್ಲ ಅಂತ ಕೆಲವರ ಮೇಲಿನ ಕೇಸ್ ರದ್ದು ಮಾಡಿತು. ಕೇಸ್ ಹೋಯ್ತು. ಹೆಸರಿಗೆ ಅಂಟಿದ್ದು ಹೋಯ್ತಾ? ನಮ್ಮ ಹುಡುಗನ ಮೇಲೆ ಕೇಸೂ ಇರಲಿಲ್ಲ, ಕೋರ್ಟೂ ಇರಲಿಲ್ಲ. ಹಾಗಾಗಿ ರದ್ದು ಮಾಡೋಕೂ ಯಾರೂ ಇಲ್ಲ.

ಇನ್ನೊಂದು ವಿಷಯ ನಮ್ಮಲ್ಲಿ ಯಲಬುರ್ಗಾದವನ ಮನೆಯಿಂದ ಬಂತು. ರಜೆಗೆ ಊರಿಗೆ ಹೋದಾಗ ಮೊಬೈಲಿನಲ್ಲಿದ್ದ ಚಾರ್ಟಿನ ಫೋಟೋವನ್ನು ಖುಷಿಯಿಂದ ಅವ್ವನಿಗೆ ತೋರಿಸಿದ. ಅವ್ವ ನೋಡಿ ಕೇಳಿದ್ದು ಒಂದೇ ಮಾತು: "ಇದು ಓಸಿ ಅಲ್ಲೇನೋ?"

ಅಲ್ಲ ಅಂತ ಹೇಳೋಕೆ ಹೋಗಿ ಅವನ ಬಾಯಿ ಕಟ್ಟಿತು. ಓಸಿ ಅಂದ್ರೆ ಓಪನ್, ಕ್ಲೋಸ್. 0ಯಿಂದ 9ರೊಳಗೆ ಒಂದು ಅಂಕಿ ಓಪನ್, ಒಂದು ಅಂಕಿ ಕ್ಲೋಸ್. ಎರಡೂ ಸೇರಿದ್ರೆ ಜೋಡಿ, 00ಯಿಂದ 99ರವರೆಗೆ ನೂರು ಜೋಡಿ. ನಮ್ಮ ಚಾರ್ಟಿನ ಮನಿ ಎಷ್ಟು? ನೂರು. ಮುಂಬೈನಲ್ಲಿ ಮಟ್ಕಾ ಶುರುವಾಗಿದ್ದು ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯ ಓಪನಿಂಗ್, ಕ್ಲೋಸಿಂಗ್ ದರದ ಮೇಲೆ ಬಾಜಿ ಕಟ್ಟೋದರಿಂದ. ಅವರು ಹತ್ತಿಯ ದರ ಇಟ್ಟ ಜಾಗದಲ್ಲಿ ನಾವು ಬಾಸ್ಕೆಟ್‌ಬಾಲ್ ಸ್ಕೋರ್ ಇಟ್ಟಿದ್ವಿ. ವ್ಯತ್ಯಾಸ ಒಂದೇ: ಬುಕ್ಕಿ ಗೆದ್ದವನಿಗೆ ನೂರಕ್ಕಿಂತ ಕಡಿಮೆ ಕೊಟ್ಟು ಉಳಿದದ್ದು ತಾನು ಇಟ್ಕೊಳ್ತಾನೆ, ನಾವು ಪೂರ್ತಿ ಕೊಟ್ವಿ. ಆ ಅವ್ವನಿಗೆ ಈ ವ್ಯತ್ಯಾಸ ದೊಡ್ಡದಾಗಿ ಕಾಣಲಿಲ್ಲ. ಅವರ ತಮ್ಮ, ಅಂದ್ರೆ ನಮ್ಮ ದೋಸ್ತನ ಸೋದರಮಾವ, ಓಸಿ ಚೀಟಿ ಬರೆಸಿ ಬರೆಸಿ ಎರಡು ಎಮ್ಮೆ ಮಾರಿದ್ದನ್ನು ಅವರು ನೋಡಿದ್ದಾರೆ. ಶುರುವಾಗಿದ್ದು ಹತ್ತು ರೂಪಾಯಿಯಿಂದಲೇ.

ಪೇಪರಿನಲ್ಲಿ ನಮ್ಮ ಜಿಲ್ಲೆಯ ಪೊಲೀಸ್ ಸುದ್ದಿ ಓದೋರಿಗೆ ಮಟ್ಕಾ ಕೇಸ್ ಅಂದ್ರೆ ಕರ್ನಾಟಕ ಪೊಲೀಸ್ ಕಾಯ್ದೆ, 1963, ಕಲಂ 78(3) ಅಂತ ಬಾಯಿಪಾಠ ಇರುತ್ತೆ. ನಾವು ಆ ಕಾಯ್ದೆಯನ್ನು ಆಮೇಲೆ ಓದಿದ್ವಿ. ಕೌಶಲದ ಆಟಕ್ಕೆ ಅದರಲ್ಲಿ ವಿನಾಯಿತಿ ಇದೆ. ನಮ್ಮದು ಶುದ್ಧ ಅದೃಷ್ಟದ ಆಟ ಅಂತ ನಾವೇ ಚಾರ್ಟಿನ ತಲೆ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ವಿ! "ವಾಟ್ಸಾಪಿನಲ್ಲಿ ಮಾಡ್ರಿ, ಯುಪಿಐ ಹಾಕ್ತೀವಿ" ಅನ್ನೋರಿಗೂ ಒಂದು ಮಾತು. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡಿಸೋ ಆನ್‌ಲೈನ್ ಆಟವನ್ನು ಅದೃಷ್ಟ, ಕೌಶಲ ಅಂತ ಭೇದ ಮಾಡದೆ ನಿಷೇಧಿಸಿದೆ. ಆಡಿಸೋರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಹತ್ತು ರೂಪಾಯಿ ಚಾರ್ಟನ್ನು ಯಾರು ಕೇಳ್ತಾರೆ ಅನ್ನಬಹುದು. ಕೇಳದೇ ಇರಬಹುದು. ಕಾನೂನಿನ ಭಯ ನಮ್ಮ ಮೊದಲ ಕಾರಣ ಅಲ್ಲ. ಆ ಹುಡುಗ ಮೊದಲ ಕಾರಣ.

ಇಷ್ಟೆಲ್ಲ ಆದ ಮೇಲೆ ಚಾರ್ಟನ್ನೇ ಬಿಟ್ಟುಬಿಡಿ ಅಂತ ಕೆಲವು ಸೀನಿಯರ್‌ಗಳು ಹೇಳಿದ್ರು. ಅದನ್ನೂ ನಾವು ಒಪ್ಪೋದಿಲ್ಲ.

ಅದೃಷ್ಟದ ಆಟ ಕೆಟ್ಟದ್ದು ಅಂತ ನಮಗೆ ಅನ್ನಿಸಿಲ್ಲ. ಕಾರಹುಣ್ಣಿಮೆಗೆ ನಮ್ಮ ಹಳ್ಳಿಗಳಲ್ಲಿ ಎತ್ತು ಓಡಿಸಿ ಕರಿ ಹರೀತಾರೆ. ಬಿಳಿ ಎತ್ತು ಮುಂದೆ ಬಂದ್ರೆ ಈ ವರ್ಷ ಬಿಳಿಜೋಳ ಚೆನ್ನಾಗಿ ಬರುತ್ತೆ ಅಂತಾರೆ. ಎತ್ತಿಗೂ ಜೋಳಕ್ಕೂ ಏನು ಸಂಬಂಧ ಅಂತ ಯಾವ ರೈತನೂ ಕೇಳೋದಿಲ್ಲ. ಎಲ್ಲರೂ ಅಗಸಿ ಹತ್ರ ಸೇರ್ತಾರೆ, ಕೂಗ್ತಾರೆ, ಮನೆಗೆ ಹೋಗಿ ಹೋಳಿಗೆ ಉಣ್ತಾರೆ. ನಾಗರಪಂಚಮಿಗೆ ನಿಂಬೆಹಣ್ಣು ಎಸೆಯೋ ಪಂದ್ಯದಲ್ಲೂ ಆಡೋರು ಇಬ್ಬರಾದ್ರೆ ಹಿಂದೆ ಓಡೋರು ಇಪ್ಪತ್ತು ಜನ. ಮಳೆ ನಂಬಿದ ಕುಷ್ಟಗಿ, ಯಲಬುರ್ಗಾದವರಿಗೆ ಅದೃಷ್ಟ ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಕಾಲುವೆ ನಂಬಿದ ಗಂಗಾವತಿಯವರು ತಾವು ಪಾರು ಅಂದ್ಕೊಂಡಿದ್ರು. ನಾವು ಕಾಲೇಜು ಸೇರಿದ ವರ್ಷವೇ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 33 ಗೇಟಿನಲ್ಲಿ 19ನೆಯದು ಕೊಚ್ಚಿಹೋದಾಗ ಅವರ ಮನೆಯಲ್ಲೂ ಯಾರೂ ಮಲಗಲಿಲ್ಲ. ಹೊಟ್ಟೆಪಾಡಿನಲ್ಲೇ ಇಷ್ಟು ಅದೃಷ್ಟ ಇರುವಾಗ, ಏನೂ ಕಳೆದುಕೊಳ್ಳದೆ ಅದರ ಜೊತೆ ಒಂದು ಸಂಜೆ ಆಟ ಆಡಿದ್ರೆ ತಪ್ಪೇನು? ತಪ್ಪು, ಕಳೆದುಕೊಳ್ಳೋಕೆ ಏನೋ ಇಟ್ಟಾಗ ಶುರುವಾಗುತ್ತೆ.

ಈ ಆಟದಲ್ಲಿ ಇನ್ನೊಂದು ಒಳ್ಳೇದಿದೆ. ಬಾಸ್ಕೆಟ್‌ಬಾಲ್ ಗೊತ್ತಿರೋನೂ ಗೊತ್ತಿಲ್ಲದೋನೂ ಇಲ್ಲಿ ಸಮ. ಸೆಂಟ್ರಲ್ ಸ್ಕೂಲಿನಲ್ಲಿ ಆಡಿ ಬಂದವನಿಗೂ ಮೊದಲ ಸಲ ರಿಂಗ್ ನೋಡಿದವನಿಗೂ ಒಂದೇ ಅವಕಾಶ. ಮೊದಲ ದಿನ ಹೊರಗೆ ನಿಂತ ಹುಡುಗ ಹುಡುಗಿಯರನ್ನು ಒಳಗೆ ಕರೆಯೋಕೆ ಇದಕ್ಕಿಂತ ಸುಲಭದ ದಾರಿ ನಮಗೆ ಗೊತ್ತಿಲ್ಲ.

"ರೊಕ್ಕ ಇಲ್ದಿದ್ರೆ ಯಾರ್ ಬರ್ತಾರಲೇ?" ಇದು ಇನ್ನೊಂದು ಆಕ್ಷೇಪ. ಇದಕ್ಕೆ ನಮ್ಮ ಹತ್ರ ಸಾಕ್ಷಿ ಇದೆ. ಹುಡುಗಿಯರ ಮ್ಯಾಚಿಗೆ 62 ಮನಿ ಮಾತ್ರ ಹೋದವು. ಉಳಿದ 38ನ್ನು ಅಲ್ಲೇ ಅಡ್ಡಾಡ್ತಿದ್ದವರ ಹೆಸರಿಗೆ ಪುಕ್ಕಟೆ ಬರೆದ್ವಿ. ಗೆದ್ರೆ ದುಡ್ಡಿಲ್ಲ, ಕ್ಯಾಂಟೀನ್ ಚಹಾ ಮಾತ್ರ ಅಂತ ಮೊದಲೇ ಹೇಳಿದ್ವಿ. ಅವರಲ್ಲಿ ಹೆಚ್ಚಿನವರು ಕೊನೆವರೆಗೂ ಏಳಲಿಲ್ಲ. ಕೂಗಿನಲ್ಲೂ ಕಡಿಮೆ ಇರಲಿಲ್ಲ. ಹತ್ತು ರೂಪಾಯಿ ಕೊಟ್ಟವರಲ್ಲೇ ಕೆಲವರು ತಮ್ಮ ಅಂಕಿ ತಪ್ಪಿದ ಕೂಡಲೇ ಎದ್ದು ಹೋದ್ರು. ಆ ಮ್ಯಾಚಿನ ಕ್ಯಾಪ್ಟನ್ ಅಕ್ಕ ಆಮೇಲೆ ಹೇಳಿದ್ದು ನಮಗೆ ಮರೆತಿಲ್ಲ: "ಜನ ಬಂದ್ರು, ಖುಷಿ ಆತು. ಆದ್ರ ನಾನು ಬಾಲ್ ಹಾಕಿದಾಗ ಅರ್ಧ ಮಂದಿ ಚಾರ್ಟ್ ನೋಡಾಕತ್ತಿದ್ರು." ಬಂದವರು ಅಕ್ಕನ ಆಟ ನೋಡಬೇಕು ಅನ್ನೋದಾದ್ರೆ ಚಾರ್ಟಿನ ತೂಕ ಕಡಿಮೆ ಆಗಬೇಕು. ತೂಕ ಇರೋದು ರೊಕ್ಕದಲ್ಲಿ.

ಹಾಗಾಗಿ ಈ ವರ್ಷದ ನಿಯಮ ಹೀಗೆ ಇರಲಿ ಅಂತ ನಮ್ಮ ಪ್ರಸ್ತಾಪ. ಪಿ.ಡಿ. ಸರ್ ಮುಂದೆಯೂ ಇದನ್ನೇ ಇಟ್ಟಿದ್ದೀವಿ.

ಒಂದು: ಮನಿ ಪುಕ್ಕಟೆ. ಒಬ್ಬರಿಗೆ ಒಂದೇ ಮನಿ. ಹತ್ತು, ಹನ್ನೆರಡು ಹಿಡಿಯೋ ಹಾಗಿಲ್ಲ. ನೂರು ಮನಿ ಅಂದ್ರೆ ನೂರು ಜನ.

ಎರಡು: ಆಡುವವರು, ಸಬ್‌ಸ್ಟಿಟ್ಯೂಟ್‌ಗಳು, ರೆಫರಿ, ಸ್ಕೋರ್ ಬರೆಯೋರು, ಚಾರ್ಟ್ ಹಾಕೋ ನಾವು ನಾಲ್ವರು, ಯಾರಿಗೂ ಮನಿ ಇಲ್ಲ.

ಮೂರು: ನೂರೂ ತುಂಬಿದ ಮೇಲೆ, ಎಲ್ಲರ ಎದುರಿಗೇ ಚೀಟಿ ಎತ್ತಿ ಅಂಕಿ ಹಾಕೋದು. ಇದು ಸುಮ್ಮನೆ ಶಾಸ್ತ್ರಕ್ಕಲ್ಲ. ನೂರೂ ಮನಿ ಸಮ ಅಂತ ನೀವು ಅಂದ್ಕೊಂಡಿದ್ರೆ ತಪ್ಪು. ಬಾಸ್ಕೆಟ್‌ಬಾಲಿನಲ್ಲಿ ಮ್ಯಾಚ್ ಟೈ ಆಗಿ ಮುಗಿಯೋದಿಲ್ಲ, ಓವರ್‌ಟೈಮ್ ಆಡಿಸ್ತಾರೆ. ಹಾಗಾಗಿ 3-3, 7-7ರಂಥ ಒಂದೇ ಅಂಕಿಯ ಹತ್ತು ಮನಿ ಕೊನೆಯಲ್ಲಿ ಗೆಲ್ಲಬೇಕಾದ್ರೆ ಅಂತರ ಸರಿಯಾಗಿ 10, 20, 30 ಆಗಬೇಕು. ಹತ್ತಿರದ ಮ್ಯಾಚಿನಲ್ಲಿ ಆ ಹತ್ತು ಮನಿ ಸತ್ತ ಹಾಗೆ. ಅಂಕಿ ಮೊದಲೇ ಬರೆದಿಟ್ರೆ ಲೆಕ್ಕ ಗೊತ್ತಿದ್ದವನು ಆ ಮನಿ ಬಿಟ್ಟು ಬೇರೆ ಹಿಡೀತಾನೆ. ಆಮೇಲೆ ಬರೆದ್ರೆ ಎಲ್ಲರ ಅದೃಷ್ಟ ಒಂದೇ.

ನಾಲ್ಕು: ಕ್ವಾರ್ಟರ್ ಗೆದ್ದವರಿಗೆ ಒಂದು ಪ್ಲೇಟ್ ಒಗ್ಗರಣಿ ಮಿರ್ಚಿ. ಫೈನಲ್ ಮುಗಿದಾಗ ಗೆದ್ದವರಿಗೆ ಕಿನ್ನಾಳದ ಒಂದು ಸಣ್ಣ ಗೊಂಬೆ. ಖರ್ಚು ನಮ್ಮ ನಾಲ್ವರದು. ಮ್ಯಾಚ್ ಮಾರ್ಕೊಳ್ಳೋಕೆ ಒಗ್ಗರಣಿ ಮಿರ್ಚಿ ಸಾಲದು ಅಂತ ನಮ್ಮ ಅಂದಾಜು.

ಐದು: ಫ್ರೀ ಥ್ರೋ ಹಾಕುವಾಗ ಚಾರ್ಟಿನ ಬಗ್ಗೆ ಕೂಗಿದವರ ಮನಿ ಅಲ್ಲೇ ರದ್ದು. ಇದು ಹೋದ ವರ್ಷ ನಕ್ಕ ನಮ್ಮಂಥವರಿಗಾಗಿ.

ಕೊನೆಗೆ, ಟೇಬಲ್ ಮೇಲೆ ಬಿಟ್ಟು ಹೋದ ಆ ನಾನೂರು ರೂಪಾಯಿ. ವರ್ಷದಿಂದ ಅದು ನಮ್ಮ ಡ್ರಾಯರ್‌ನಲ್ಲೇ ಇತ್ತು, ಖರ್ಚು ಮಾಡೋಕೆ ಯಾರಿಗೂ ಕೈ ಬರಲಿಲ್ಲ. ಹೋದ ವಾರ ಅವರಿಬ್ಬರನ್ನೂ ಕೇಳಿ, ಅದಕ್ಕೆ ನಮ್ಮದಿಷ್ಟು ಸೇರಿಸಿ ಎರಡು ನೆಟ್ ತರಿಸಿದ್ದೀವಿ. ಈ ಭಾನುವಾರ ಸಂಜೆ ಐದಕ್ಕೆ ಕಟ್ತೀವಿ. ಏಣಿ ಹಿಡಿಯೋಕೆ ಜನ ಬೇಕು.

ಆ ಹುಡುಗನ ಹತ್ರ ಕ್ಷಮೆ ಕೇಳಿದ್ದೀವಿ. ರೂಮಿನೊಳಗೆ ಕೇಳಿದ್ದು ಸಾಲದು, ಅಡ್ಡಹೆಸರು ಬಿದ್ದಿದ್ದು ಎಲ್ಲರ ಎದುರಿಗೆ, ಅದಕ್ಕೆ ಇಲ್ಲೂ ಕೇಳ್ತಿದ್ದೀವಿ: ತಪ್ಪು ನಮ್ಮದು ದೋಸ್ತ, ನಿನ್ನದಲ್ಲ. ಈ ವರ್ಷ ಆಡ್ತೀಯೋ ಇಲ್ವೋ ಅಂತ ಕೇಳಿದಾಗ ಅವನು "ನೋಡೋಣ" ಅಂದಿದ್ದಾನೆ. ನೀವು ಅವನನ್ನು ಅವನ ಸ್ವಂತ ಹೆಸರಿನಿಂದ ಕರೆದ್ರೆ ಸಾಕು, ಉಳಿದದ್ದು ಅವನ ಇಷ್ಟ.